ಮೀನಿನ ಪಾಲಿನ ಪುಡಿ

ತಮ್ಮ ಕೊಟ್ಟ ಬಿಳಿ ಪುಡಿಯನ್ನು ನಾನು ಮೀನಿಗೆ ಹಾಕಲಿಲ್ಲ. ನಮ್ಮ ಎಮ್ಮೆಗೆ ಹಾಕಿದೆ.

ಭಾಲ್ಕಿ ಹತ್ತಿರ ನಮ್ಮ ಹೊಲದ ಹೊಂಡದಲ್ಲಿ ಅವನು ಮೀನು ಸಾಕಿದ್ದ. ಮರಿ ಕೊಟ್ಟವನು ಔರಾದ ಕಡೆಯ ಒಬ್ಬ ಮುದುಕ. ತಮ್ಮನಿಗೆ ಬೀದರಿನಲ್ಲಿ ನೌಕರಿ, ಭಾನುವಾರ ಮಾತ್ರ ಬರುತ್ತಿದ್ದ. ಉಳಿದ ದಿನ ಮೀನಿಗೆ ಮೇವು ಹಾಕುವ ಕೆಲಸ ಚಿಕ್ಕಂದಿನಲ್ಲೇ ಶಾಲೆ ಬಿಟ್ಟ ನನ್ನದು.

"ಅಕ್ಕಾ, ಹಿಂಡಿ ತೌಡು ನಾದುವಾಗ ಈ ಪುಡಿ ಮರೀಬ್ಯಾಡ. ಎಲುಬು ಗಟ್ಟಿ ಆಗ್ತಾವ."

"ನಮ್ಮ ಬಾವಿ ನೀರಿಗಿ ಕೊಡಕ್ಕೆಲ್ಲ ಸುಣ್ಣ ಹಿಡೀತದ. ಅದರಾಗೇ ಈಜೋ ಮೀನಿಗಿ ಮತ್ತ್ಯಾಕೋ ಪುಡಿ? ಓದಿ ಓದಿ ನಿನ್ನ ತಲಿ ಕೆಟ್ಟದ."

"ಕೆಟ್ಟಿರಲಿ. ನೀ ಹಾಕು."

ಎಮ್ಮೆ ಆಗಷ್ಟೇ ಈದು ಸೊರಗಿತ್ತು. ನನಗೆ ತಡೆಯಲಾಗಲಿಲ್ಲ. ಪುಡಿಯನ್ನೆಲ್ಲ ದಿನಾ ಅದರ ಬೂಸಾಕ್ಕೆ ಕಲಸಿದೆ. ಎಮ್ಮೆ ಚೇತರಿಸಿಕೊಂಡು ಗಟ್ಟಿ ಹಾಲು ಕೊಟ್ಟಿತು. ಆ ಹಾಲಿನ ಚಹಾ ಕುಡಿಯುತ್ತಲೇ ತಮ್ಮ ಕೇಳುತ್ತಿದ್ದ, "ಪುಡಿ ಹಾಕಾಕತ್ತೀ ಇಲ್ಲೋ?" ನಾನು ಹೂಂ ಎನ್ನುತ್ತಿದ್ದೆ. ಇನ್ನೊಂದು ಲೋಟ ಸುರಿಯುತ್ತಿದ್ದೆ.

ಬಲೆ ಎಳೆದ ದಿನ ಮೀನುಗಳ ಬೆನ್ನು ಕುಡುಗೋಲಿನಂತೆ ಬಾಗಿತ್ತು. ತಲೆ ಒತ್ತಿದರೆ ಮೆತ್ತಗೆ. ತಮ್ಮ ದಂಡೆಯ ಮೇಲೆ ಕುಸಿದು ಕುಳಿತ.

"ಸುಣ್ಣ ನೀರಿನಾಗಿಂದು ಕಿವಿರಿನಿಂದ ಎಳಕೋತಾವ ಅಕ್ಕಾ. ಫಾಸ್ಫರಸ್ ಮಾತ್ರ ಮೇವಿನಾಗೇ ಸಿಗಬೇಕು. ಅದೂ ಆ ಪುಡಿಯಾಗ ಕೊಟ್ಟೀವಿ. ಮತ್ತ ಹ್ಯಾಂಗ ಹಿಂಗಾತು?"

ಮೈಯೊಳಗಿನ ಸುಣ್ಣವನ್ನು ಹದದಲ್ಲಿಡುವ ಹಾರ್ಮೋನು ಮೀನಿಗೂ ಇರುತ್ತದಂತೆ. ಈ ಮರಿಗಳಲ್ಲಿ ಅದೇ ಹುಟ್ಟಿನಿಂದ ಕೆಟ್ಟಿರಬೇಕು, ಮುದುಕ ರೋಗದ ಮರಿ ಕೊಟ್ಟ ಎಂದು ತಮ್ಮ ತೀರ್ಮಾನಿಸಿದ. ಬೈಕ್ ಹತ್ತಿದ.

"ಈಗೇ ಔರಾದಕ್ಕ ಹೋಗ್ತೇನಿ. ನಾಲ್ಕು ಮಂದಿ ಮುಂದ ಕೇಳ್ತೇನಿ ಅವನಿಗಿ."

ಮರಿ ತರಲು ಹೋದಾಗ ಆ ಮುದುಕ ನನ್ನನ್ನು ನೆರಳಿಗೆ ಕೂರಿಸಿ, ಮೇಲೊಂದು ಬೊಗಸೆ ಮರಿ ಹಾಕಿ ಕಳಿಸಿದ್ದ. ನಾನು ಬೈಕಿನ ಹ್ಯಾಂಡಲ್ ಹಿಡಿದುಕೊಂಡೆ.

"ಇಳಿಯೋ. ಅವಂದೇನೂ ತಪ್ಪಿಲ್ಲ. ಪುಡಿ ಎಮ್ಮಿಗಿ ಹಾಕೀನಿ."

"ಎಲ್ಲಾನೂ?"

"ಎಲ್ಲಾನೂ."

ಅವನು ಕೊಟ್ಟಿಗೆಯ ಕಡೆ ನೋಡಿದ. "ಅದಕ್ಕೇ ಏನು, ಪೈಲ್ವಾನ ಆಗ್ಯಾಳ!" ನಗಲು ಹೋದ, ಆಗಲಿಲ್ಲ. ಬೈಕಿನಿಂದ ಇಳಿದ. "ಬೈತಿದ್ನೇನು ಅಕ್ಕಾ ನಾ? ಮೊದಲೇ ಹೇಳಿದ್ರ ಅದಕ್ಕೂ ಬ್ಯಾರೆ ತರ್ತಿದ್ದೆ."

ಬೈದಿದ್ದರೆ ಚೆನ್ನಾಗಿತ್ತು. ಬಲೆಯಲ್ಲಿ ಮೀನು ಇನ್ನೂ ಮಿಸುಕುತ್ತಿದ್ದವು. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ತಮ್ಮನಿಗೆ ನಾನು ಎಂದೂ ಆಡದ ಮಾತು ಕಷ್ಟಪಟ್ಟು ಹೊರಬಂತು.

"ತಪ್ಪಾತೋ ತಮ್ಮಾ. ಸುಳ್ಳು ಹೇಳಿದೆ. ಮಾಫ್ ಮಾಡು ನನಗ."