ಬಿಳಿ ಬೇರು

ವೇನ್‌ಡಾಮ್ ಊರಿನ ಅಂಚೆಯವನೂ ಮೀನುತೊಟ್ಟಿ ಸ್ಪರ್ಧೆಗಳ ತೀರ್ಪುಗಾರನೂ ಆದ ವುಬ್ಬೊ ಡೈಕೆಮಾನಿಗೆ ಸುತ್ತಲಿನ ಅಕ್ವೇರಿಯಂ ಸಂಘಗಳವರು ಇಟ್ಟ ಅಡ್ಡಹೆಸರು ‘ಒಂದು ಕಡಿಮೆ’. ಯಾರ ಮನೆಯ ಗಾಜಿನ ತೊಟ್ಟಿಯ ಮುಂದೆ ಕೂತರೂ ಅವನ ಬಾಯಿಂದ ಮೊದಲು ಬರುತ್ತಿದ್ದ ಮಾತು ಒಂದೇ: “ಗಿಡದ ಜಾತಿ ಒಂದು ಕಡಿಮೆ ಮಾಡಿ.” ಹತ್ತು ಜಾತಿ ನೆಟ್ಟವರಿಗೂ ಅದೇ, ಮೂರು ನೆಟ್ಟವರಿಗೂ ಅದೇ. ಒಮ್ಮೆ ಒಬ್ಬ ಹೆಂಗಸು ರೇಗಿ, “ಒಂದೇ ಒಂದು ಜಾತಿ ಇಟ್ಟಿದ್ರೆ ಏನಂತಿದ್ರಿ?” ಎಂದು ಕೇಳಿದ್ದಕ್ಕೆ, “ಹಾಗಿದ್ರೆ ಮಾತು ಒಂದು ಕಡಿಮೆ ಮಾಡಿ ಅಂತಿದ್ದೆ” ಎಂದಿದ್ದನಂತೆ. ಇಂಥವನನ್ನು ಜನ ಮೂವತ್ತೊಂದು ವರ್ಷ ಕಾಫಿ ಕೊಟ್ಟು ಸಹಿಸಿಕೊಂಡರು. ಯಾಕೆಂದರೆ ಅವನ ಕಣ್ಣು ಕೆಟ್ಟದ್ದಾಗಿರಲಿಲ್ಲ. ಯಾವ ಗಿಡಕ್ಕೆ ಬೆಳಕು ಸಾಲದು, ಯಾವುದಕ್ಕೆ ಹೆಚ್ಚಾಗಿದೆ ಎಂಬುದನ್ನು ಅವನು ಬಾಗಿಲಲ್ಲಿ ನಿಂತೇ ಹೇಳಬಲ್ಲವನಾಗಿದ್ದ.

ಹೊಸ ವರ್ಷದ ಗಲಾಟೆ ಮುಗಿದ ಮೇಲೆ ಜನವರಿಯ ಶನಿವಾರಗಳಲ್ಲಿ ತೀರ್ಪುಗಾರ ಮನೆಮನೆಗೆ ಹೋಗುತ್ತಾನೆ. ತೊಟ್ಟಿಯಿಂದ ನಾಲ್ಕೈದು ಅಡಿ ದೂರದಲ್ಲಿ ಮನೆಯವರು ಊಟದ ಮೇಜಿನ ಕುರ್ಚಿಯೊಂದನ್ನು ಇಟ್ಟಿರುತ್ತಾರೆ. ಅವನು ಅದರಲ್ಲಿ ಅರ್ಧ ಗಂಟೆ ಒಬ್ಬನೇ ಕೂರಬೇಕು. ಅಷ್ಟೂ ಹೊತ್ತು ಮನೆಮಂದಿಯೆಲ್ಲ ಅಡುಗೆಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರಬೇಕು. ಅಂಕಗಳನ್ನೂ ಒಂದೆರಡು ಸಾಲಿನ ಸಲಹೆಯನ್ನೂ ಅವನು ಹಾಳೆಯ ಮೇಲೆ ಬರೆಯುತ್ತಾನೆ. ಆ ಹಾಳೆಯನ್ನು ತೊಟ್ಟಿಯ ಕೆಳಗಿನ ಕಪಾಟಿನ ಬಾಗಿಲ ಒಳಮೈಗೆ ಅಂಟಿಸುವುದು ರೂಢಿ. ಒಮ್ಮೆ ಬರೆದ ತೀರ್ಪನ್ನು ತಿದ್ದುವ ಹಾಗಿಲ್ಲ. ಆ ನಿಯಮವನ್ನು ಪಟ್ಟುಹಿಡಿದು ತಂದವನು ವುಬ್ಬೊನೇ.

ವಿಚಿತ್ರವೆಂದರೆ ಅವನ ಸ್ವಂತ ಮನೆಯಲ್ಲಿ ತೊಟ್ಟಿಯಿರಲಿಲ್ಲ. ಮೊದಲು ಇತ್ತು. ಒಂಬತ್ತು ವರ್ಷದ ಹಿಂದೆ, ಒಂದು ಮಾರ್ಚ್ ತಿಂಗಳಲ್ಲಿ, ಬೆನ್ನುನೋವೆಂದು ಹೇಳಿ ಯಾರಿಗೋ ಕೊಟ್ಟುಬಿಟ್ಟಿದ್ದ. ದಿನಕ್ಕೆ ಮೂವತ್ತು ಕಿಲೋಮೀಟರ್ ಸೈಕಲ್ ತುಳಿಯುವವನಿಗೆ ಎಂಥ ಬೆನ್ನುನೋವು ಎಂದು ಹೆಂಡತಿ ಟೆಟ್ಯೆ ಮೂಗು ಮುರಿದಿದ್ದಳು.

ಅದು ಅವನ ತೀರ್ಪುಗಾರಿಕೆಯ ಕಡೆಯ ಜನವರಿ. ಸಂಘದ ಹೊಸ ಕಾರ್ಯದರ್ಶಿ ಎಪ್ಪೊ ಆ ಶನಿವಾರದ ಐದು ಮನೆಗಳ ಪಟ್ಟಿ ಕೊಟ್ಟ. ನಾಲ್ಕನೆಯ ಹೆಸರು ಓದಿ ವುಬ್ಬೊ ಎದ್ದು ನಿಂತ.

“ಹಾರ್ಮ್ ನೀಬೂರ್ ಅಂತ ಯಾರು ಬರೆದದ್ದು ಇಲ್ಲಿ?”

“ಅರ್ಜಿ ಬಂದಿತ್ತು, ಹಾಕ್ದೆ. ಸೇತುವೆ ಪಕ್ಕದ ಮನೆ.”

“ಅವನು ಸತ್ತು ಒಂಬತ್ತು ವರ್ಷ ಆಯ್ತು ಮಾರಾಯ.”

“ಸತ್ತೋರು ಅರ್ಜಿ ಹಾಕ್ತಾರಾ? ಇಲ್ನೋಡಿ, ಸಹಿ ಬೇರೆ ಇದೆ. ಹಳೇ ಪೆಟ್ಟಿಗೇಲಿ ಇಂಥವೇ ಇನ್ನೂ ಎಂಟು ಇದ್ವು. ಹಿಂದಿನ ಕಾರ್ಯದರ್ಶಿ ಯಾಕೋ ಪಕ್ಕಕ್ಕಿಟ್ಟಿದ್ರು.”

ಅಂಚೆಯವನಿಗೆ ಊರಿನವರ ಮುಖ ಮರೆತರೂ ಕೈಬರಹ ಮರೆಯುವುದಿಲ್ಲ. ಎಡಕ್ಕೆ ವಾಲಿದ, ಗಾಳಿಗೆ ಸಿಕ್ಕ ಬೇಲಿಗೂಟದಂಥ ಆ ಅಕ್ಷರಗಳು ಹಾರ್ಮನವೇ. ವುಬ್ಬೊ ಹೆಸರು ಹೊಡೆದುಹಾಕಲು ಪೆನ್ನು ತೆಗೆದ. ಹೊಡೆದುಹಾಕಲಾಗಲಿಲ್ಲ.

ಹಾರ್ಮ್ ಕಾಲುವೆಯ ಸೇತುವೆ ಕಾಯುತ್ತಿದ್ದವನು. ದೋಣಿ ಬಂದರೆ ಸೇತುವೆ ಎತ್ತುವುದು, ಹೋದ ಮೇಲೆ ಇಳಿಸುವುದು, ಮಿಕ್ಕ ಹೊತ್ತೆಲ್ಲ ಎರಡಡಿ ಉದ್ದದ ತನ್ನ ತೊಟ್ಟಿಯ ಮುಂದೆ ಕೂರುವುದು. ಜೊತೆಗಿದ್ದವಳು ತಂಗಿ ಫೆನ್ನಾ. ಇಬ್ಬರಿಗೂ ಮದುವೆಯಿಲ್ಲ, ಮಾತೂ ಹೆಚ್ಚಿಲ್ಲ. ತೊಟ್ಟಿಯ ಮುಚ್ಚಳದಲ್ಲಿ ಒಂದೇ ಟ್ಯೂಬ್‌ಲೈಟ್ ಇತ್ತು. ಆ ಮಂದ ಬೆಳಕಿಗೆ ತಕ್ಕ ಗಿಡವನ್ನೇ ಅವನು ಆರಿಸಿದ್ದ: ಸಿಂಹಳದ ತೊರೆಗಳ ನೆರಳಿನಲ್ಲಿ ಬೆಳೆಯುವ, ಕಂದು ಎಲೆಯ ಕ್ರಿಪ್ಟೊ. ಬೆಳಕು ಕಡಿಮೆಯಿದ್ದರೆ ನೆರಳಿನ ಗಿಡ ಹಾಕು, ಹೆಚ್ಚಿದ್ದರೆ ಕೆಂಪೆಲೆಯದು ಹಾಕು. ಇಷ್ಟು ತಿಳಿದವನಿಗೆ ಅರ್ಧ ವಿದ್ಯೆ ಬಂದ ಹಾಗೆ. ಹಾರ್ಮನಿಗೆ ಅದು ತಿಳಿದಿತ್ತು. ತಿಳಿಯದವನ ಹಾಗೆ ಆಡಿದವನು ವುಬ್ಬೊ. ಹಾರ್ಮ್ ಸಾಯುವ ಹಿಂದಿನ ವರ್ಷ ಎಲ್ಲ ಬಹುಮಾನಗಳೂ ಕೆಂಪೆಲೆಯ ತೊಟ್ಟಿಗಳಿಗೇ ಹೋಗುತ್ತಿದ್ದವು. ಅದೇ ಗುಂಗಿನಲ್ಲಿ ಅವನು ಹಾರ್ಮನ ಹಾಳೆಯ ಮೇಲೆ ಬರೆದ: “ಬೆಳಕು ಸಾಲದು. ಇನ್ನೊಂದು ದೀಪ ಹಾಕಿ.”

ಹಾರ್ಮ್ ಇಡೀ ವರ್ಷ ಹಾಕಲಿಲ್ಲ. ಗಿಡ ಬೇಡವೆನ್ನುತ್ತಿದೆಯೆಂದು ಅವನಿಗೆ ಗೊತ್ತಿತ್ತು. ಕಡೆಗೆ, ಮುಂದಿನ ತೀರ್ಪಿಗೆ ಎಂಟು ದಿನವಿರುವಾಗ, ಮನಸ್ಸು ಸೋತು ಎರಡನೆಯ ದೀಪ ಹಾಕಿದ. ಬೆಳಕಿನಲ್ಲಾಗುವ ಹಠಾತ್ ಬದಲಾವಣೆ ಕ್ರಿಪ್ಟೊಗೆ ಆಗದು. ಎಲೆಗಳೆಲ್ಲ ಎರಡೇ ದಿನದಲ್ಲಿ ಕರಗಿ ಲೋಳೆಯಾಗುತ್ತವೆ. ನೋಡಿದವರು ಸತ್ತೇಹೋಯಿತು ಅಂದುಕೊಳ್ಳುತ್ತಾರೆ. ಆದರೆ ಬೇರು ಬದುಕಿರುತ್ತದೆ. ಮುಟ್ಟದೆ ಕಾದರೆ ಐದಾರು ವಾರದಲ್ಲಿ ಮತ್ತೆ ಚಿಗುರುತ್ತದೆ.

ವುಬ್ಬೊ ಬಂದಾಗ ತೊಟ್ಟಿಯೆಲ್ಲ ಲೋಳೆ. ಅವನು ಆ ಹೊತ್ತಿಗಾಗಲೇ ಮೂರು ಮನೆ ಮುಗಿಸಿ ದಣಿದಿದ್ದ. “ಸತ್ತಿದೆ. ಕಿತ್ತುಹಾಕಿ” ಎಂದು ಬರೆದುಕೊಟ್ಟ. ಹಾರ್ಮ್ ಓದಿ, ಅಂಗಿಯ ತೋಳನ್ನೂ ಮಡಿಸದೆ ಎರಡೂ ಕೈ ನೀರಿಗೆ ಹಾಕಿ, ಒಂದೊಂದನ್ನೇ ಕಿತ್ತು ಬಕೆಟ್ಟಿಗೆ ಹಾಕಿದ. ಆಗ ವುಬ್ಬೊ ಬೇರು ನೋಡಿದ. ಸತ್ತ ಬೇರು ಕಪ್ಪಗಿರುತ್ತದೆ. ಇವು ಹಾಲಿನಷ್ಟು ಬೆಳ್ಳಗಿದ್ದವು. ನಿಲ್ಲಿಸು ಎನ್ನಲು ಒಂದು ಮಾತು ಸಾಕಿತ್ತು. ತೀರ್ಪು ಬರೆದಾಗಿತ್ತು. ಅವನು ಕಾಫಿ ಮುಗಿಸಿ, ಕೈಕುಲುಕಿ ಹೊರಟ. ಕೈ ಒದ್ದೆಯಾಗಿತ್ತು. ಆ ಮಾರ್ಚಿನಲ್ಲಿ ಹಾರ್ಮ್ ತೀರಿಕೊಂಡ. ಹೃದಯ ಎಂದರು. ಬಿಳಿ ಬೇರಿನ ವಿಷಯ ವುಬ್ಬೊ ಹೆಂಡತಿಗೂ ಹೇಳಿರಲಿಲ್ಲ.

ಶನಿವಾರ ಮಧ್ಯಾಹ್ನ ಮಂಜು ಮುಸುಕಿತ್ತು. ಅವನು ಕರೆಗಂಟೆ ಒತ್ತುವ ಮೊದಲೇ ಫೆನ್ನಾ ಬಾಗಿಲು ತೆಗೆದಳು. ಎಪ್ಪತ್ತು ದಾಟಿದ ಸಣಕಲು ಹೆಂಗಸು.

“ಬನ್ನಿ ಡೈಕೆಮಾ ಅವ್ರೇ. ಲೇಟ್ ಮಾಡಿದ್ರಿ ನೀವು.”

“ಎರಡು ಗಂಟೆ ಅಂದಿದ್ರಲ್ಲ, ಇನ್ನೂ ಎರಡಕ್ಕೆ ಐದಿದೆ.”

“ಅದಲ್ಲ ನಾನು ಹೇಳಿದ್ದು” ಎಂದು ಅವನ ಕೋಟು ತೆಗೆದುಕೊಂಡಳು. “ಕಾಫಿ ಆಮೇಲೆ. ರೂಢಿ ಗೊತ್ತು ನನಗೆ.”

ಕುರ್ಚಿ ಅಂದಿದ್ದಲ್ಲೇ ಇತ್ತು. ಅವನು ಅದನ್ನು ಒಂದಿಷ್ಟು ಹಿಂದೆ ಸರಿಸಲು ಹೋದಾಗ ಕಾಲುಗಳು ಕಾರ್ಪೆಟ್ಟಿನೊಳಗೆ ಹೂತಿದ್ದದ್ದು ತಿಳಿಯಿತು. ಒಂಬತ್ತು ವರ್ಷ ಆ ಕುರ್ಚಿಯನ್ನು ಯಾರೂ ಕದಲಿಸಿರಲಿಲ್ಲ. ಅವನು ಸರಿಸದೆ ಹಾಗೇ ಕೂತ.

ತೊಟ್ಟಿಯಲ್ಲಿ ಮೀನಿರಲಿಲ್ಲ. ಎರಡೂ ದೀಪ ಉರಿಯುತ್ತಿದ್ದವು. ಬರೀ ಮರಳು, ಹಿಂದಿನ ಎಡಮೂಲೆಯಲ್ಲಿ ಒಂದು ದೊಡ್ಡ ಕ್ರಿಪ್ಟೊ. ಕೀಳುವಾಗ ಅಲ್ಲೊಂದು ತುಂಡು ಬೇರು ಉಳಿದಿರಬೇಕು. ಅದರ ಮುಂದೆ ಅದಕ್ಕಿಂತ ಚಿಕ್ಕದೊಂದು, ಅದರ ಮುಂದೆ ಇನ್ನೂ ಚಿಕ್ಕದು, ಹೀಗೆ ದಾರ ಹಿಡಿದು ನೆಟ್ಟ ಹಾಗೆ ಓರೆಯಾಗಿ ಒಂದು ಸಾಲು. ವುಬ್ಬೊ ಎಣಿಸಿದ. ಒಂಬತ್ತು. ಕಡೆಯದು ಅವನ ಮೊಣಕಾಲಿನ ನೇರಕ್ಕೆ, ಎಲೆಯನ್ನು ಗಾಜಿಗೆ ಅಂಗೈಯಂತೆ ಒತ್ತಿ ನಿಂತಿತ್ತು.

ಈ ಸಂಘಗಳವರು ತೊಟ್ಟಿಯಲ್ಲಿ ಇಂಥ ಗಿಡದ ಬೀದಿ ಹಾಕುತ್ತಾರೆ, ಲೈಡನ್ ಬೀದಿ ಎನ್ನುತ್ತಾರೆ. ಮುಂದೆ ಗಿಡ್ಡ, ಹಿಂದೆ ಎತ್ತರ. ನೋಡುವವನ ಕಣ್ಣನ್ನು ಅದು ಒಳಗೊಳಗೆ ಕರೆದೊಯ್ಯಬೇಕು. ಈ ಬೀದಿಯೂ ಹಾಗೇ ಇತ್ತು, ಆದರೆ ಅದನ್ನು ಹೊರಗಿನವರು ಹಾಕಿರಲಿಲ್ಲ. ಒಳಗಿನ ಮೂಲೆಯಿಂದ ವರ್ಷಕ್ಕೊಂದು ಹೆಜ್ಜೆಯಂತೆ ಅದೇ ಹೊರಗೆ ಬಂದಿತ್ತು. ವುಬ್ಬೊ ತನಗೆ ಗೊತ್ತಿದ್ದದ್ದನ್ನೆಲ್ಲ ನೆನೆಸಿಕೊಂಡ. ಕ್ರಿಪ್ಟೊ ಮರಳಿನಡಿ ಬಳ್ಳಿಬೇರು ಬಿಟ್ಟು ಮರಿ ಹಾಕುತ್ತದೆ, ಸರಿ. ಆದರೆ ಸಿಕ್ಕಸಿಕ್ಕ ಕಡೆಗೆ ಹಾಕುತ್ತದೆ. ಎರಡೂ ದೀಪ ಮುಚ್ಚಳದ ಹಿಂಭಾಗದಲ್ಲಿದ್ದವು. ಮುಂದಿನ ಗಾಜಿನ ಬುಡ ತೊಟ್ಟಿಯಲ್ಲೇ ಕತ್ತಲಿನ ಜಾಗ. ಬೆಳಕಿಗೆ ಬೆನ್ನು ತಿರುಗಿಸಿ, ಕತ್ತಲಿಗೆ, ನೆಟ್ಟಗೆ ಈ ಕುರ್ಚಿಯ ಕಡೆಗೆ ನಡೆದು ಬರುವ ಗಿಡವನ್ನು ಅವನು ಮೂವತ್ತೊಂದು ವರ್ಷದಲ್ಲಿ ನೋಡಿರಲಿಲ್ಲ. ಅವನಿಗೆ ಭಯವಾಯಿತು. ಪಾದವನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡ.

ಅರ್ಧ ಗಂಟೆ ಆಗುವ ಮೊದಲೇ ಅವನು ಅಡುಗೆಮನೆಯ ಬಾಗಿಲಿಗೆ ಹೋದ. “ಇದನ್ನ ಯಾರು ನೆಟ್ಟದ್ದು?”

ಫೆನ್ನಾ ಮಸಾಲೆ ಕೇಕಿನ ಹೋಳಿಗೆ ಬೆಣ್ಣೆ ಸವರುತ್ತಿದ್ದಳು. “ಯಾರೂ ಇಲ್ಲ. ನಾನು ನೀರು ಹಾಕ್ತೀನಿ, ದೀಪ ನೋಡ್ಕೋತೀನಿ. ಬೆಳಿಗ್ಗೆ ಹತ್ತಕ್ಕೆ ಹಾಕ್ತೀನಿ, ರಾತ್ರಿ ಎಂಟಕ್ಕೆ ಆರಿಸ್ತೀನಿ. ವರ್ಷಕ್ಕೊಂದ್ಸಲ ಎರಡೂ ಟ್ಯೂಬು ಹೊಸದು. ನೀವೇ ಬರೆದಿದ್ರಲ್ಲ, ಇನ್ನೊಂದು ದೀಪ ಹಾಕಿ ಅಂತ.”

“ಆ ಅರ್ಜಿ?”

“ಹಾರ್ಮ್ ಸಾಯೋ ಮುಂಚಿನ ವಾರ ಕೂತು ಬರೆದಿಟ್ಟ. ವರ್ಷಕ್ಕೊಂದು ಕಳಿಸು, ಅವರೇ ಬರ್ತಾರೆ ಅಂದ. ಕಳಿಸ್ದೆ. ನೀವು ಬರ್ಲಿಲ್ಲ.”

“ಎಷ್ಟು ಬರೆದಿದ್ದ?”

“ಒಂಬತ್ತು. ಇದೇ ಕೊನೇದು.”

ವುಬ್ಬೊ ಕಾಫಿ ಕುಡಿದು, ಅಂಕ ಹಾಕಿ, ಐದನೆಯ ಮನೆಗೆ ಹೋಗಬಹುದಿತ್ತು. ಮೂವತ್ತೊಂದು ವರ್ಷದ ಹೆಸರು ಕೆಡದೆ ಉಳಿಯುತ್ತಿತ್ತು. ಈ ಮುದುಕಿ ಸಾಯುವವರೆಗೂ ಎರಡೂ ದೀಪ ಉರಿಸುತ್ತಿದ್ದಳು. ಅವನು ಹಿಂತಿರುಗಿ, ಮಂಡಿಯೂರಿ ಕಪಾಟಿನ ಬಾಗಿಲು ತೆಗೆದ. ಒಳಗೆ ಅವನದೇ ಹಾಳೆ ಹಳದಿಗಟ್ಟಿತ್ತು: ಸತ್ತಿದೆ. ಕಿತ್ತುಹಾಕಿ. ಅದರ ಕೆಳಗೇ ಅವನು ಬರೆದ: “ಬದುಕಿತ್ತು. ದೀಪ ಒಂದೇ ಸಾಕಿತ್ತು. ತಪ್ಪು ನನ್ನದು.” ಸಹಿ ಹಾಕಿದ.

“ಫೆನ್ನಾ ಅವ್ರೇ,” ಎಂದ. “ಅವತ್ತು ಬಕೆಟ್ಟಲ್ಲಿ ಬೇರು ಬೆಳ್ಳಗಿತ್ತು. ನಾನು ನೋಡ್ದೆ. ನೋಡಿಯೂ ಸುಮ್ನಿದ್ದೆ.”

ಅವಳು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಹಾಳೆಯನ್ನು ಎರಡು ಸಲ ಓದಿದಳು.

“ಗೊತ್ತು. ಅವನೂ ನೋಡಿದ್ದ,” ಎಂದಳು. “ನೀವು ಏನಾದ್ರೂ ಅಂತೀರೇನೋ ಅಂತ ಒಂದೊಂದನ್ನೇ ನಿಧಾನವಾಗಿ ಕೀಳ್ತಿದ್ದ.”

ಫೆನ್ನಾ ಎರಡನೆಯ ದೀಪ ಆರಿಸಿದಳು. ತೊಟ್ಟಿ ಹಳೆಯ ಮಂದ ಬಣ್ಣಕ್ಕೆ ತಿರುಗಿತು. ಆಮೇಲೆ ಅವಳು ಕೈಯಿಳಿಸಿ, ಗಾಜಿಗೊರಗಿದ್ದ ಕಡೆಯ ಗಿಡವನ್ನು ಬೇರುಸಮೇತ ಎತ್ತಿ, ಒದ್ದೆ ಪೇಪರಿನಲ್ಲಿ ಸುತ್ತಿ ಅವನ ಮುಂದೆ ಹಿಡಿದಳು.

“ನನ್ನ ಹತ್ರ ತೊಟ್ಟಿ ಇಲ್ಲ,” ಎಂದ ವುಬ್ಬೊ.

“ಅದು ಹೊರಟಿದ್ದು ನಿಮ್ಮ ಹತ್ರಕ್ಕೆ. ತಗೊಂಡು ಹೋಗಿ. ಒಂಬತ್ತು ವರ್ಷ ಇವನನ್ನ ನಾನು ನೋಡ್ಕೊಂಡೆ, ಸಾಕಾಗಿದೆ ನನಗೆ.”

ಅವನು ಐದನೆಯ ಮನೆಗೆ ಹೋಗಲಿಲ್ಲ. ಮನೆಗೆ ಬಂದು, ಸೌತೆ ಉಪ್ಪಿನಕಾಯಿಯ ಖಾಲಿ ಜಾಡಿಗೆ ಮರಳು, ನೀರು ಹಾಕಿ, ಗಿಡ ನೆಟ್ಟು ಕಿಟಕಿಯ ಪಕ್ಕ ಇಟ್ಟ. ಸೋಮವಾರ ಬೆಳಿಗ್ಗೆ ಎಲೆಗಳೆಲ್ಲ ಕರಗಿ ಲೋಳೆಯಾಗಿದ್ದವು.

“ಥೂ, ನಾರ್ತಿದೆ. ಎಸೀರಿ ಆಚೆ,” ಎಂದಳು ಟೆಟ್ಯೆ.

“ಮುಟ್ಬೇಡ. ಬದುಕಿದೆ,” ಎಂದು ಅವನು ಊಟದ ಮೇಜಿನ ಕುರ್ಚಿಯೊಂದನ್ನು ತಂದು ಜಾಡಿಯ ಎದುರಿಗೆ, ನಾಲ್ಕೈದು ಅಡಿ ದೂರದಲ್ಲಿ ಇಟ್ಟುಕೊಂಡ.

ಆರನೆಯ ವಾರ ಒಂದು ಎಲೆ ಬಂತು. ಕಿಟಕಿಯ ಕಡೆಗಲ್ಲ, ಕುರ್ಚಿಯ ಕಡೆಗೆ. ವುಬ್ಬೊ ಜಾಡಿಯನ್ನು ಅರ್ಧ ಸುತ್ತು ತಿರುಗಿಸಿ ಎಲೆಯ ಮುಖವನ್ನು ಬೆಳಕಿಗೆ ಮಾಡಿದ. ನಾಲ್ಕು ದಿನ ಬಿಟ್ಟು ನೋಡಿದರೆ ಅದು ಬೆಳಕಿಗೆ ಬೆನ್ನು ಹಾಕಿ ಮತ್ತೆ ಅವನ ಕಡೆಗೇ ಬಾಗಿ, ಗಾಜಿಗೆ ಒತ್ತಿಕೊಂಡಿತ್ತು. ಅವನು ಇನ್ನೊಮ್ಮೆ ತಿರುಗಿಸಲಿಲ್ಲ. ಕುರ್ಚಿಯಲ್ಲಿ ಕೂತು, ಫೆನ್ನಾಳಿಗೆ ಹೇಳಿದ್ದನ್ನೇ ಮೊದಲಿಂದ ಕೊನೆಯವರೆಗೆ, ಮೆಲ್ಲಗೆ, ಹಾರ್ಮನ ಹೆಸರು ಹಿಡಿದು ಹೇಳಿದ.

“ಯಾರ ಹತ್ರ ಮಾತಾಡ್ತಿದೀರಿ?” ಎಂದು ಟೆಟ್ಯೆ ಅಡುಗೆಮನೆಯಿಂದ ಕೂಗಿದಳು.

ಜಾಡಿಯಿಂದ ಕಣ್ಣು ಕೀಳದೆ ವುಬ್ಬೊ ಉತ್ತರಿಸಿದ: “ಕಾಫಿ ಒಂದು ಜಾಸ್ತಿ ಮಾಡು.”