ಕೊನೆಯ ಹದಿನಾರು ಪುಟ

ಸುಗ್ರಾಬಿಯ ಮೇಲೆ ನನಗೆ ಹನ್ನೊಂದು ವರ್ಷದ ಸಿಟ್ಟಿದೆ. ಹರಿಹರದಲ್ಲಿ ಆಟೋ ಓಡಿಸಿಕೊಂಡು ತಣ್ಣಗಿದ್ದ ಮುರುಗೇಶಪ್ಪ ಎಂಬ ನನಗೆ ಓದುವ ಚಟ ಹತ್ತಿಸಿದವಳೂ ಆಕೆಯೇ, ಒಂದೇ ಒಂದು ಪುಸ್ತಕವನ್ನೂ ಪೂರ್ತಿ ಓದಗೊಡದವಳೂ ಆಕೆಯೇ.

ಆಕೆಯ ಗಂಡ ಹಯಾತ್ ಸಾಬ್ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಬೈಂಡಿಂಗ್ ಅಂಗಡಿ ಇಟ್ಟಿದ್ದ. ಶಾಲೆಗಳು ರದ್ದಿಗೆ ಹಾಕಿದ ಹಳೇ ಮಕ್ಕಳ ಪುಸ್ತಕಗಳನ್ನು ತೂಕಕ್ಕೆ ತಂದು, ಹೊಲಿದು, ರಟ್ಟು ಕಟ್ಟಿ ಜೋಡಿಸಿಡುತ್ತಿದ್ದ. ಮಾರುತ್ತಿರಲಿಲ್ಲ. ಆತ ತೀರಿಕೊಂಡ ಮೇಲೆ ಸುಗ್ರಾಬಿ ಮುನ್ನೂರು ಚಿಲ್ಲರೆ ಪುಸ್ತಕ, ದಬ್ಬಣ, ದಾರ, ಗಂಡನ ರಬ್ಬರ್ ಸೀಲು ಇಷ್ಟನ್ನು ಗಂಟು ಕಟ್ಟಿಕೊಂಡು ಹರಿಹರದ ತವರು ಓಣಿಗೆ ಬಂದಳು. ಅಂದಿನಿಂದ ಪ್ರತಿ ಭಾನುವಾರ ಎರಡು ಚೀಲ ಪುಸ್ತಕ ನನ್ನ ಆಟೋಗೆ ಹೇರಿಸಿ ಭಾನುವಳ್ಳಿಗೆ ಹೋಗುತ್ತಾಳೆ. ಶಾಲೆಯ ಕಟ್ಟೆಯ ಮೇಲೆ ಚಾಪೆ ಹಾಸಿ ಕೂತರೆ ಊರ ಮಕ್ಕಳೆಲ್ಲ ಮುತ್ತಿಕೊಳ್ಳುತ್ತವೆ.

ಮಕ್ಕಳು ತಾವೇ ಪುಸ್ತಕ ಆರಿಸುವ ಹಾಗಿಲ್ಲ. ಸುಗ್ರಾಬಿ ಮುಖ ನೋಡಿ, ನಾಲ್ಕು ಮಾತು ಆಡಿಸಿ, ಚೀಲದೊಳಗೆ ಕೈ ಹಾಕುತ್ತಾಳೆ. ತಮ್ಮ ಹುಟ್ಟಿದನೆಂದು ಮುನಿಸಿಕೊಂಡವಳಿಗೆ ಮುನಿಸಿಕೊಂಡು ಕಾಡಿಗೆ ಹೋದ ಕರಡಿ ಮರಿಯ ಕಥೆ. ಸುಳ್ಳು ಹೇಳುವವನಿಗೆ ಅವನಿಗಿಂತ ದೊಡ್ಡ ಸುಳ್ಳುಗಾರನ ಕಥೆ. "ಇದು ನಿಂಗೇ ಬರ್ದಿದ್ದು, ತಗೋ" ಅನ್ನುತ್ತಾಳೆ. ಆಕೆ ಕೊಟ್ಟದ್ದನ್ನು ಓದದೆ ಮರಳಿಸಿದ ಮಗುವನ್ನು ನಾನು ನೋಡಿಲ್ಲ.

ಪುಸ್ತಕ ಮರಳಿ ಬರಬೇಕಲ್ಲ, ಅದಕ್ಕೊಂದು ಉಪಾಯ ಮಾಡಿದ್ದಳು. ಬೈಂಡರನ ಹೆಂಡತಿಗೇ ಹೊಳೆಯಬೇಕಾದ ಉಪಾಯ. ಪ್ರತಿ ಪುಸ್ತಕದ ಕೊನೆಯ ಫರ್ಮಾ, ಅಂದರೆ ಒಟ್ಟಿಗೆ ಹೊಲಿದ ಕೊನೆಯ ಹದಿನಾರು ಪುಟ, ಹೊಲಿಗೆ ಬಿಚ್ಚಿ ತೆಗೆದು ತನ್ನ ಹತ್ತಿರ ಇಟ್ಟುಕೊಳ್ಳುತ್ತಿದ್ದಳು. ಮಗು ಪುಸ್ತಕ ತಂದು, ಅಲ್ಲಿಯವರೆಗಿನ ಕಥೆಯನ್ನು ತನ್ನ ಮಾತಿನಲ್ಲಿ ಹೇಳಿದರೆ, ಆ ಹದಿನಾರು ಪುಟ ಕೈಗೆ ಬರುತ್ತಿತ್ತು. ಅಲ್ಲೇ ಕೂತು ಓದಬೇಕು. ಬಾಯಿಮಾತಿನಲ್ಲಿ ಕೊನೆ ಕೇಳಿದರೆ ದೇವರಾಣೆ ಹೇಳುತ್ತಿರಲಿಲ್ಲ. ಐವತ್ತು ದಾಟಿದ ಆಟೋ ಡ್ರೈವರು ಹುಡುಗರ ಎದುರು ನಿಂತು ಮೊಲದ ಕಥೆ ಒಪ್ಪಿಸುವುದು ನನ್ನಿಂದಾಗಲಿಲ್ಲ. ಹಾಗಾಗಿ ನನ್ನ ತಲೆಯಲ್ಲಿ ಇಂದಿಗೂ ನೂರಾರು ಕಥೆಗಳು ಅರ್ಧಕ್ಕೇ ನಿಂತಿವೆ.

ಹೋದ ಸೆಪ್ಟೆಂಬರಿನ ಒಂದು ಗುರುವಾರ ಹನ್ನೊಂದು ಗಂಟೆಗೆ ನನ್ನ ಫೋನು ಬಡಿದುಕೊಂಡಿತು. ಭಾನುವಳ್ಳಿಯ ಭೀಮವ್ವ. ಒಂಬತ್ತು ವರ್ಷದ ತನುಶ್ರೀ ಎಂಬ ಹುಡುಗಿಯ ಅಜ್ಜಿ.

"ಮುರುಗೇಶಪ್ಪ, ನಮ್ ಹುಡುಗಿ ನಿಮ್ ಸುಗ್ರಾಬಮ್ಮನ ಹತ್ರ ಬಂದೈತೇನಪ್ಪ? ಇಸ್ಕೂಲಿಗೆ ಹೋಗಿಲ್ಲಂತೆ. ಪುಸ್ತಕದ ಕೊನೆ ಓದಾಕೆ ಹೊಕ್ಕೀನಿ ಅಂತ ಗೆಳತೇರ ಮುಂದೆ ಹೇಳ್ಯಾಳಂತೆ."

ನಾನು ಸುಗ್ರಾಬಿಯ ಬಾಗಿಲಿಗೆ ಓಡಿದೆ. ಹುಡುಗಿ ಬಂದಿರಲಿಲ್ಲ. ಫೋನನ್ನು ಸುಗ್ರಾಬಿಯ ಕೈಗೆ ಕೊಟ್ಟೆ. ಭೀಮವ್ವ ಅಳುತ್ತಾ ಇನ್ನೊಂದು ವಿಷಯ ಹೇಳಿದಳು. ತನುಶ್ರೀಯ ತಾಯಿ ಹತ್ತು ದಿನದಿಂದ ದಾವಣಗೆರೆಯ ಆಸ್ಪತ್ರೆಯಲ್ಲಿದ್ದಳು. ಅಂದು ಮಧ್ಯಾಹ್ನ ಮೂರಕ್ಕೆ ಹೃದಯದ ಆಪರೇಷನ್. ಮಗುವಿಗೆ ಯಾರೂ ಹೇಳಿರಲಿಲ್ಲ, ಅಮ್ಮ ಮದುವೆಗೆ ಹೋಗಿದ್ದಾಳೆ ಎಂದಿದ್ದರು.

ಸುಗ್ರಾಬಿ ಹೊಸ್ತಿಲ ಮೇಲೆ ಕುಸಿದು ಕೂತಳು.

"ಹೋದ ಐತವಾರ ಆ ಹುಡುಗಿ, ಅಮ್ಮ ಇರೋ ಕಥಿ ಕೊಡ್ರಿ ಅಂತು. ನಾ ಏನು ಕೊಟ್ಟೆ ಗೊತ್ತೇನೋ? ತಾಯಿ ಹಾಸಿಗಿ ಹಿಡಿದಿರ್ತಾಳೆ, ಮಗಳು ಏಳು ಗುಡ್ಡ ದಾಟಿ ಮದ್ದು ತರಾಕೆ ಹೋಗ್ತಾಳೆ, ಆ ಪುಸ್ತಕ. ಸಣ್ಣಾಕಿ ಇದ್ದಾಗ ನಾ ಓದಿ ಓದಿ ಅತ್ತಿದ್ದು. ಒಳ್ಳೇದು ಅಂತ ಕೊಟ್ಟೆ. ಯಾ ಅಲ್ಲಾ, ಆ ಕೂಸಿಗೆ ಎಲ್ಲಾ ಗೊತ್ತೈತೆ."

"ಕೊನಿಗೆ ತಾಯಿ ಬದುಕ್ತಾಳೋ ಇಲ್ಲೋ, ಚಾಚಿ?"

ಆಕೆ ಒಳಗೆ ಹೋಗಿ ಆ ಹದಿನಾರು ಪುಟ ಹುಡುಕಿ ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದಳು.

ಭಾನುವಳ್ಳಿಯ ದಾರಿಯಲ್ಲಿ ಒಂದಷ್ಟು ದೂರ ರಸ್ತೆಯ ಪಕ್ಕದಲ್ಲೇ ನಾಲೆ ಹರಿಯುತ್ತದೆ. ಭತ್ತದ ಕಾಲ, ನೀರು ಅಂಚಿನವರೆಗೆ ತುಂಬಿತ್ತು. "ನಿಧಾನ ಹೋಗು" ಅಂದಳು. ನಾನು ನಿಧಾನ ಮಾಡಿದೆ. ಹುಡುಗಿ ನಡೆದೇ ಹೊರಟಿದ್ದರೆ ಇದೇ ದಾರಿ ಹಿಡಿದಿರಬೇಕು, ಬಾಯಾರಿದ್ದರೆ ಇದೇ ನೀರಿಗೆ ಬಗ್ಗಿರಬೇಕು. ಇಬ್ಬರ ತಲೆಯಲ್ಲೂ ಇದ್ದದ್ದು ಅದೇ. ತೂಬಿನ ಹತ್ತಿರ ನೀರಿನಲ್ಲಿ ಏನೋ ನೀಲಿಯದು ಸುತ್ತುತ್ತಿತ್ತು. ಆ ಶಾಲೆಯ ಲಂಗವೂ ನೀಲಿಯೇ. ಸುಗ್ರಾಬಿ ನನ್ನ ಭುಜಕ್ಕೆ ಉಗುರು ನಾಟುವಂತೆ ಹಿಡಿದಳು. ನಾನು ಆಟೋ ನಿಲ್ಲಿಸಿ ಇಳಿದೆ. ಕೋಲು ಹಾಕಿ ಎಳೆದರೆ ಗೊಬ್ಬರದ ಖಾಲಿ ಚೀಲ. ಅಲ್ಲೇ ದಂಡೆಯ ಮೇಲೆ ಕೂತುಬಿಟ್ಟೆ. ಮೂವತ್ತು ವರ್ಷದ ಡ್ರೈವರ್ ಕೆಲಸದಲ್ಲಿ ಆ ಪರಿ ಹೆದರಿದ್ದಿಲ್ಲ.

ಭಾನುವಳ್ಳಿಯ ಬಸ್ ಸ್ಟಾಪಿನಲ್ಲಿ ಚಹಾ ಅಂಗಡಿಯ ರಂಗವ್ವ ಸಿಕ್ಕಳು.

"ಒಂಬತ್ತರ ಹರಿಹರದ ಬಸ್ಸು ಹತ್ತಿದ್ಳು ಕಣ್ರಿ. ಪುಸ್ತಕದಾಗಿನ ಸೀಲು ತೋರ್ಸಿ, ಈ ಅಡ್ರೆಸ್ಸು ಎಲ್ಲೈತೆ ಅಂತ ಕೇಳಿದ್ಳು. ನಂಗೆಲ್ಲಿ ಓದಾಕೆ ಬರ್ತೈತೆ? ಕಂಡಕ್ಟರ್‌ನ ಕೇಳು ಅಂದೆ."

ನೀರಿಗೆ ಬಿದ್ದಿಲ್ಲವೆಂದು ನನಗೆ ಜೀವ ಬಂತು. ಸುಗ್ರಾಬಿ ಮಾತ್ರ ಹಣೆ ಹಣೆ ಚಚ್ಚಿಕೊಂಡಳು. ಗಂಡ ಸತ್ತು ಹನ್ನೊಂದು ವರ್ಷವಾದರೂ ಆಕೆ ಪುಸ್ತಕಗಳಿಗೆ ಒತ್ತುತ್ತಿದ್ದದ್ದು ಅದೇ ಹಳೇ ಸೀಲು. ಹಯಾತ್ ಸಾಬ್ ಬೈಂಡಿಂಗ್, ದೇವರಾಜ ಅರಸು ಬಡಾವಣೆ, ದಾವಣಗೆರೆ. ಗಂಡನ ಹೆಸರು ಇರಲಿ ಎಂಬ ಪ್ರೀತಿಗೆ. ಆ ಪ್ರೀತಿ ಒಂದು ಕೂಸನ್ನು ಗುರುತು ಪರಿಚಯ ಇಲ್ಲದ ಪಟ್ಟಣಕ್ಕೆ, ಇಲ್ಲದ ಅಂಗಡಿಗೆ ಕಳಿಸಿತ್ತು.

"ದಾವಣಗೆರಿಗೆ ಹೊಡಿ" ಅಂದಳು.

ಅಲ್ಲಿಗೆ ಓಡಿಸಲು ನನಗೆ ಪರ್ಮಿಟ್ ಇಲ್ಲ. ಹೊಡೆದೆ. ಬಸ್ ನಿಲ್ದಾಣದ ಜನಜಂಗುಳಿ, ಲಾರಿಗಳು, ಮಕ್ಕಳನ್ನು ಎತ್ತಿಕೊಂಡು ಹೋಗುವವರ ಬಗ್ಗೆ ಮೊಬೈಲಿನಲ್ಲಿ ಬರುವ ಹಾಳು ಸುದ್ದಿಗಳು, ಎಲ್ಲ ತಲೆಗೆ ನುಗ್ಗಿದವು. ಹಿಂದಿನ ಸೀಟಿನಲ್ಲಿ ಸುಗ್ರಾಬಿ ದುವಾ ಓದುತ್ತಿದ್ದಳು. ನಾನೂ ಮನಸ್ಸಿನಲ್ಲೇ ಹರಿಹರೇಶ್ವರನಿಗೆ ಹೇಳಿಕೊಂಡೆ.

ಹಯಾತ್ ಸಾಬನ ಅಂಗಡಿಯಿದ್ದ ಜಾಗದಲ್ಲಿ ತುಕ್ಕು ಹಿಡಿದ ಶಟರು ಮುಚ್ಚಿತ್ತು. ಮೇಲೆ ಬಾಡಿಗೆಗೆ ಇದೆ ಎಂಬ ಬೋರ್ಡು. ಮುಂದೆ ಯಾರೂ ಇಲ್ಲ. ಸುಗ್ರಾಬಿ ಬೀದಿಯ ನಡುವೆ ನಿಂತು "ತನೂ! ಬೇಟಿ!" ಎಂದು ಕೂಗಿದಳು. ಅಷ್ಟು ದೊಡ್ಡ ದನಿ ಆಕೆಗೆ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಪಕ್ಕದ ಮಾಳಿಗೆಯ ಮೆಟ್ಟಿಲ ಕೆಳಗಿನಿಂದ ಹುಡುಗಿ ಹೊರಗೆ ಬಂತು. ಎದೆಗೆ ಪುಸ್ತಕ ಒತ್ತಿಕೊಂಡಿತ್ತು. ಅಳುತ್ತಿರಲಿಲ್ಲ.

"ಕೊನೆ ತಂದೀರೇನ್ರಿ ಅಜ್ಜಿ?"

ಸುಗ್ರಾಬಿ ಮಗುವನ್ನು ತಬ್ಬಿಕೊಂಡು, ತಲೆ ಮೈ ಎಲ್ಲ ಸವರಿ ನೋಡಿದಳು. ಹುಡುಗಿ ಬಿಡಿಸಿಕೊಂಡು, ಯಾರೂ ಕೇಳದೆಯೇ ಕಥೆ ಒಪ್ಪಿಸಲು ಶುರು ಮಾಡಿತು. ನಿಯಮ ನಿಯಮವೇ ಅಲ್ಲವೇ. ಅಮ್ಮ ಮಲಗಿದ್ದು, ಒಂದನೇ ಗುಡ್ಡ, ಎರಡನೇ ಗುಡ್ಡದ ಕುರುಬ, ಆರನೇ ಗುಡ್ಡದ ಹಾವು, ಏಳನೇ ಗುಡ್ಡದ ಮೇಲೆ ಮದ್ದಿನ ಗಿಡ. ಒಂದೂ ಬಿಡದೆ ಹೇಳಿ ಕೈ ಚಾಚಿತು. ಆಗ ಸುಗ್ರಾಬಿಯ ಮುಖದಲ್ಲಿ ಕಂಡ ಭಯ, ನಾಲೆಯ ದಂಡೆಯ ಮೇಲೆ ಕಂಡದ್ದಕ್ಕಿಂತ ದೊಡ್ಡದು. ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಿದ್ದಳು.

"ಇವತ್ತು ಬ್ಯಾಡ ಮಗಳೇ."

ಹುಡುಗಿ ಆಕೆಯನ್ನೇ ನೋಡಿತು.

"ಹಂಗಾರೆ ಆ ಅಮ್ಮ ಸತ್ತೋಗ್ತಾಳೆ."

ಸುಗ್ರಾಬಿ ಚೀಲವನ್ನು ಬೆನ್ನ ಹಿಂದೆ ಸರಿಸಿದಳು.

"ಅಷ್ಟ್ರಾಗೆ ಮಗಳು ಮನೆ ಮುಟ್ಟಿದ್ಳೇನ್ರಿ?"

ಸುಳ್ಳು ಹೇಳು ತಾಯಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಸುಗ್ರಾಬಿ ತಲೆ ತಗ್ಗಿಸಿ, "ಇಲ್ಲ ಬೇಟಿ. ತಡ ಆತು" ಅಂದಳು. ಮಕ್ಕಳಿಗೆ ಬಾಯಿಮಾತಿನಲ್ಲಿ ಕೊನೆ ಹೇಳಿದ್ದು ಅದೇ ಮೊದಲು.

"ಹಂಗಾರೆ ನನ್ನ ಈಗ್ಲೇ ಆಸ್ಪತ್ರಿಗೆ ಕರ್ಕೊಂಡು ಹೋಗ್ರಿ. ಎಲ್ಲಾರೂ ಅಮ್ಮ ಮದುವೆಗೆ ಹೋಗ್ಯಾಳೆ ಅಂತಾರೆ. ರಾತ್ರಿ ನಮ್ಮಜ್ಜಿ ಫೋನ್ನಾಗೆ ಆಪರೇಷನ್ ಅಂತ ಅಳೋದು ನಾ ಕೇಳೀನಿ."

ಭೀಮವ್ವನಿಗೂ, ಅಪ್ಪ ಶಿವಮೂರ್ತಿಗೂ ಫೋನು ಮಾಡಿ ಹುಡುಗಿ ಸಿಕ್ಕಿದ್ದಾಳೆ ಎಂದು ತಿಳಿಸಿದೆವು. ನಾವು ಮುಟ್ಟಿದಾಗ ಎರಡು ಗಂಟೆ. ಶಿವಮೂರ್ತಿ ದಾವಣಗೆರೆ ಪಕ್ಕದ ಕರೂರಿನ ಕಾರ್ಖಾನೆಯ ಖಾಕಿ ಅಂಗಿಯಲ್ಲೇ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ. ಮಗಳನ್ನು ಎತ್ತಿಕೊಂಡು ಗಳಗಳ ಅತ್ತ. ಆಮೇಲೆ ಸುಗ್ರಾಬಿಯ ಕಡೆ ತಿರುಗಿದ.

"ನಿಮ್ ಪುಸ್ತಕದ ಹುಚ್ಚಿಗೆ ನನ್ ಮಗಳ ಜೀವ ಹೋಗ್ತಿತ್ತು! ಇಲ್ಲಿಗ್ಯಾಕೆ ಕರ್ಕೊಂಡು ಬಂದ್ರಿ? ಅವ್ಳು ಹೆದರ್ಕೊಂತಾಳೆ ಅಂತ ತಾನೆ ಮುಚ್ಚಿಟ್ಟಿದ್ದು?"

"ನಂದೇ ತಪ್ಪು ಕಣಪ್ಪ" ಅಂದಳು ಸುಗ್ರಾಬಿ. "ಕೊನೆ ಬಚ್ಚಿಟ್ಟು ಮಕ್ಕಳನ್ನ ಕಾಯ್ಸಿದ್ದು ನಾನು. ಆದ್ರೆ ನೀನೂ ಅದನ್ನೇ ಮಾಡೀಯಲ್ಲಪ್ಪ. ಗೊತ್ತಿಲ್ದೆ ಇರೋದು ಅಕಿನ ಇನ್ನೂ ಹೆದರ್ಸೈತೆ. ಒಳಗೆ ಬಿಡು."

ಆಪರೇಷನ್ ಏನಾಯಿತೆಂದು ನಾನು ಈಗಲೇ ಹೇಳಿಬಿಡುತ್ತೇನೆ. ಸುಗ್ರಾಬಿಯ ಹಾಗೆ ಸತಾಯಿಸುವ ಜಾತಿ ನನ್ನದಲ್ಲ. ತಾಯಿ ಬದುಕಿದಳು. ಈಗ ಮನೆಯಲ್ಲೇ ಇದ್ದಾಳೆ, ಭಾರ ಎತ್ತಬಾರದಂತೆ. ಸುಗ್ರಾಬಿ ಎಲ್ಲ ಪುಸ್ತಕಗಳಿಗೂ ಕೊನೆಯ ಫರ್ಮಾ ಹೊಲಿಯುತ್ತಿದ್ದಾಳೆ, ಇನ್ನೂ ಅರ್ಧವೂ ಮುಗಿದಿಲ್ಲ. ಆದರೆ ಆ ಮಧ್ಯಾಹ್ನ ಇದು ಯಾವುದೂ ನಮಗೆ ಗೊತ್ತಿರಲಿಲ್ಲ.

ನರ್ಸಮ್ಮ ಐದು ನಿಮಿಷ ಮಾತ್ರ ಎಂದು ಒಳಗೆ ಬಿಟ್ಟಳು. ಮೂಗಿಗೆ ನಳಿಗೆ, ಕೈಗೆ ಸೂಜಿ ಹಾಕಿಸಿಕೊಂಡು ತಾಯಿ ಮಲಗಿದ್ದಳು. ಮಗಳನ್ನು ಕಂಡು ಏಳಲು ಹೋದಳು, ಆಗಲಿಲ್ಲ. ತನುಶ್ರೀ ಮಂಚದ ಹತ್ತಿರ ಹೋಗಿ, ಮುಟ್ಟದೆ ನಿಂತಿತು.

"ಅಮ್ಮ, ನೀ ಸಾಯ್ತೀಯಾ?"

ಶಿವಮೂರ್ತಿ "ಏಯ್" ಎಂದು ಮುಂದೆ ಬಂದ. ತಾಯಿ ಕೈಯೆತ್ತಿ ಅವನನ್ನು ತಡೆದಳು.

"ಗೊತ್ತಿಲ್ಲ ಮಗಳೇ. ನಂಗೂ ಭಾಳ ಹೆದರಿಕಿ ಆಗೈತೆ."

ಹುಡುಗಿ ಪುಸ್ತಕವನ್ನು ಕೆಳಗಿಟ್ಟು ಚಪ್ಪಲಿ ಬಿಟ್ಟಿತು. ಮಂಚ ಹತ್ತಿ, ಸೂಜಿಯಿಲ್ಲದ ಕೈಯ ಕಡೆ ತಾಯಿಯ ಮಗ್ಗುಲಲ್ಲಿ ಮಲಗಿತು. "ನಂಗೂನು" ಅಂತು. ಐದು ನಿಮಿಷವಾಯಿತು, ಹತ್ತಾಯಿತು. ನರ್ಸಮ್ಮ ಬಂದು ನೋಡಿ, ಬಾಗಿಲು ಎಳೆದುಕೊಂಡು ಹೋದಳು.