ಬೀರುವಿನ ಬಾಗಿಲಲ್ಲಿ ಬರೆದ ಲೆಕ್ಕ

ಅಳತೆಯಿರಲಿ, ಹಾಲಿನವನ ಬಾಕಿಯಿರಲಿ, ಬಡಗಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಕೈಗೆ ಸಿಕ್ಕ ಹಲಗೆಯ ಮೇಲೆ ಗೀಚಿಬಿಡುತ್ತಿದ್ದ. ನಲವತ್ತು ವರ್ಷಗಳ ರೂಢಿ. ಹೆಂಡತಿ ಗೊಣಗಿ ಗೊಣಗಿ ಸೋತಿದ್ದಳು.

ಹೋಗಿ ಹೋಗಿ ಇಂಥವನನ್ನು ಭಾವ ತನ್ನ ಉಯಿಲನ್ನು ಜಾರಿಗೆ ತರುವ ಎಕ್ಸಿಕ್ಯೂಟರ್ ಮಾಡಿ ಕಣ್ಣು ಮುಚ್ಚಿದ. ಅಕ್ಕ ಮೊದಲೇ ತೀರಿಕೊಂಡಿದ್ದಳು. ಹಳೆಯ ಮನೆಯನ್ನು ರಿಪೇರಿ ಮಾಡಿಸಿ, ಮಾರಿ, ಬಂದ ಹಣವನ್ನು ಅವರ ಒಬ್ಬಳೇ ಮಗಳಿಗೆ ಒಪ್ಪಿಸಬೇಕು. ಜೊತೆಗೆ ಇನ್ನೊಬ್ಬ ಎಕ್ಸಿಕ್ಯೂಟರ್ ಇದ್ದ, ಭಾವನ ಗೆಳೆಯ, ಬ್ಯಾಂಕಿನಿಂದ ನಿವೃತ್ತನಾದ ಗುಮಾಸ್ತ. ಆತ ಬಸ್ ಟಿಕೆಟನ್ನೂ ಬಿಡದೆ ಫೈಲಿಗೆ ಸೇರಿಸುವ ಆಸಾಮಿ.

"ರಿಪೇರಿ ನಿಮ್ದು, ಕಾಗದಪತ್ರ ನಂದು" ಎಂದು ಅವನು ಮೊದಲ ದಿನವೇ ಕೈತೊಳೆದುಕೊಂಡ.

ಬಡಗಿ ಆರು ತಿಂಗಳು ಆ ಮನೆಗೆ ಜೀವ ತೇಯ್ದ. ತೊಲೆ, ಮೊಳೆ, ಕೂಲಿ, ಎಲ್ಲ ಖರ್ಚನ್ನೂ ಗೋಡೆಬೀರುವಿನ ಬಾಗಿಲ ಒಳಮೈಯಲ್ಲಿ ತಾರೀಖು ಸಮೇತ ಬರೆದ. ಒಟ್ಟು ಮೊತ್ತವನ್ನಷ್ಟೇ ಗುಮಾಸ್ತನಿಗೆ ಬಾಯಲ್ಲಿ ಹೇಳಿದ. ಮಾರಾಟದ ಹಿಂದಿನ ದಿನ, ಈ ಗೀಚು ಕಂಡರೆ ಗಿರಾಕಿ ಮೂಗು ಮುರಿದಾನು, ಹುಡುಗಿಗೆ ನಾಲ್ಕು ಕಾಸು ಕಡಿಮೆಯಾದೀತು ಎಂದು ತಾನೇ ಬಾಗಿಲು ಉಜ್ಜಿ, ಎರಡು ಕೈ ಬಣ್ಣ ಹೊಡೆದ. ಎಂಥ ಕೆಲಸಗಾರ, ಎಂಥ ಪೆದ್ದ!

ಮಾರಿದ ಹಣದಲ್ಲಿ ಕಳೆದ ರಿಪೇರಿ ಖರ್ಚಿನ ಲೆಕ್ಕ ಕೇಳಿದ್ದು ಹುಡುಗಿಯ ಗಂಡ, ಮಾತು ಕೋರ್ಟಿಗೇ ಹೋಯಿತು. ರಸೀದಿಯಿಲ್ಲದ ಖರ್ಚನ್ನೆಲ್ಲ ಬಡಗಿಯೇ ಕಟ್ಟಿಕೊಡಬೇಕೆಂದು ಕೆಳಗಿನ ಕೋರ್ಟು ಹೇಳಿತು. ಕಾಸು ಹೋದರೆ ಹೋಗಲಿ, ಎತ್ತಿ ಆಡಿಸಿದ ಹುಡುಗಿಯ ಕಣ್ಣಿಗೆ ಕಳ್ಳನಾಗಿ ಕಾಣಬಾರದೆಂದು ಅವನು ಗರಗಸದ ಯಂತ್ರ ಮಾರಿ ಮೇಲ್ಮನವಿ ಹಾಕಿದ.

"ಬರೆದಿದ್ದನ್ನ ನೀವೇ ಅಳಿಸಿದ್ರಂತೆ?" ನ್ಯಾಯಾಧೀಶರು ಕೇಳಿದರು.

"ಹೌದು ಸ್ವಾಮಿ."

"ಬಣ್ಣ ಕೆರೆದ್ರೆ ಏನಾದ್ರೂ ಕಾಣುತ್ತಾ?"

ಒಂದು ಸುಳ್ಳು ಹೇಳಿದ್ದರೆ ಇನ್ನೊಂದು ವಾಯಿದೆಯಾದರೂ ಸಿಗುತ್ತಿತ್ತು. ಆದರೆ ಕೇಳಿದ್ದು ಅವನ ಕಸುಬಿನ ಮಾತು.

"ಕಾಣಲ್ಲ ಸ್ವಾಮಿ. ಚೆನ್ನಾಗೇ ಉಜ್ಜಿದೀನಿ."

ಗುಮಾಸ್ತ ಫೈಲಿನೊಳಗೆ ತಲೆ ಹುದುಗಿಸಿ ಕೂತಿದ್ದ. ಕಾಲು ಗಂಟೆಯಲ್ಲಿ ಮೇಲ್ಮನವಿ ವಜಾ ಆಯಿತು. ನ್ಯಾಯಾಧೀಶರು ಕೆಟ್ಟವರೇನಲ್ಲ, ಕಾಗದವಿಲ್ಲದೆ ಅವರೂ ಏನು ಮಾಡಿಯಾರು?

ಹೊರಗೆ ಮೊಗಸಾಲೆಯಲ್ಲಿ ಹುಡುಗಿ ತಾನಾಗಿ ಬಳಿ ಬಂದಳು. ಬಡಗಿ ಅವಳು ಬೈದರೆ ಉತ್ತರ ಕೊಡಲು ಎರಡು ವರ್ಷಗಳಿಂದ ಮಾತು ಜೋಡಿಸಿಟ್ಟುಕೊಂಡಿದ್ದ. ಅವಳು ಬೈಯಲಿಲ್ಲ, ಅವನ ಕೈ ಹಿಡಿದುಕೊಂಡಳು.

"ಬಿಡು ಮಾಮ. ಏನೋ ಕಷ್ಟ ಇತ್ತೇನೋ, ತಗೊಂಡಿರ್ತೀಯ. ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ."

"ನಾನು ತಗೊಂಡಿಲ್ಲ ಕಣಮ್ಮ."

"ಆಯ್ತು ಮಾಮ, ಆಯ್ತು" ಎಂದು ಅವಳು ಪ್ರೀತಿಯಿಂದಲೇ ಅವನ ಬೆನ್ನು ಸವರಿದಳು.